ಶ್ರೀ ಮಧ್ವಾಚಾರ್ಯರ ಚರಿತ್ರೆಯೂ ತತ್ತ್ವವಿಚಾರದ ಪ್ರಯೋಜನವೂ

ದೇವಾಲಯವೊಂದರ ಜೀರ್ಣೋದ್ಧಾರಕ್ಕೆ ಸಂಕಲ್ಪಿಸಿದಾಗ ಮೊದಲು ನಡೆಯತಕ್ಕ ಕಾರ್ಯವು ಪರೀಕ್ಷೆ. ಬಡಗಿಯು ಮಾಡಿನ ಒಂದೊಂದು ಪಕ್ಕಾಸನ್ನೂ ತಟ್ಟಿ ನೋಡುತ್ತಾನೆ. ಯಾವ ಮರ ಇನ್ನೂ ಗಟ್ಟಿ, ಯಾವುದರ ಒಳಗನ್ನು ಗೆದ್ದಲು ತಿಂದಿದೆ ಎಂಬುದನ್ನು ಶಬ್ದದಿಂದಲೇ ತಿಳಿಯುತ್ತಾನೆ. ಶಿಲ್ಪಿಯು ಅಧಿಷ್ಠಾನದ ಕಲ್ಲುಗಳನ್ನು ಕಂಡು, ಉಳಿಸತಕ್ಕವು ಯಾವುವು, ಬದಲಿಸತಕ್ಕವು ಯಾವುವು ಎಂದು ನಿಶ್ಚಯಿಸುತ್ತಾನೆ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಉಳಿಸಿದರೆ ಮಾಡು ಕುಸಿಯುವುದು. ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಕಿತ್ತೆಸೆದರೆ ದೇವಾಲಯವೇ ಉಳಿಯದು. ಈ ಪರೀಕ್ಷೆಯನ್ನು ಮರಕ್ಕೂ ಕಲ್ಲಿಗೂ ಮಾಡುವಂತೆಯೇ ನಮ್ಮ ನಂಬಿಕೆ, ಅರಿವು, ನಡತೆಗಳಿಗೂ ಮಾಡುವುದಕ್ಕೆ ತತ್ತ್ವವಿಚಾರವೆಂದು ಹೆಸರು. ನಮ್ಮ ಪೂರ್ವಿಕರು ಅದನ್ನು ದರ್ಶನವೆಂದು ಕರೆದರು. ದರ್ಶನವೆಂದರೆ ಕಾಣುವುದು. ದೇವರ ದರ್ಶನಕ್ಕೆ ಬರುವ ಭಕ್ತನಿಗೂ ಶಾಸ್ತ್ರದ ದರ್ಶನಕ್ಕೂ ಒಂದೇ ಮಾತು ಸಲ್ಲುತ್ತಿರುವುದು ಅರ್ಥವತ್ತಾಗಿದೆ. ಎರಡು ಕಡೆಯೂ ಇರುವುದನ್ನು ಇರುವಂತೆ ಕಾಣಬೇಕೆಂಬುದೇ ಬಯಕೆ.

ತತ್ತ್ವಶಾಸ್ತ್ರವು ಬೇರೆ ಕೆಲಸವಿಲ್ಲದ ಪಂಡಿತರ ವಿನೋದವೆಂದೂ, ಉಳುವವನಿಗೆ, ತೋಟಕ್ಕೆ ನೀರು ಹಾಯಿಸುವವನಿಗೆ, ಅಂಗಡಿಯಲ್ಲಿ ತಕ್ಕಡಿ ಹಿಡಿದವನಿಗೆ ಅದರಿಂದ ಏನೂ ಆಗತಕ್ಕದ್ದಿಲ್ಲವೆಂದೂ ಹಲವರು ತಿಳಿದಿದ್ದಾರೆ. ಲೆಕ್ಕಪತ್ರ ಬರೆಯುತ್ತಲೇ ತಲೆ ನರೆತ ನನ್ನಂಥವನು ಈ ವಿಷಯದಲ್ಲಿ ಪಾಂಡಿತ್ಯವನ್ನು ತೋರಿಸಲಾರೆನು. ಆದರೆ ಏಳುನೂರು ವರ್ಷಗಳಿಗೂ ಹಿಂದೆ ಇದೇ ಸೀಮೆಯ ಮಣ್ಣಿನಲ್ಲಿ ನಡೆದಾಡಿ, ಇಲ್ಲಿಯ ಅರಸನಿಂದ ಸತ್ಕಾರ ಪಡೆದು, ಇಲ್ಲಿಯ ಪಂಡಿತರೊಡನೆ ವಾದಮಾಡಿದ ಶ್ರೀ ಮಧ್ವಾಚಾರ್ಯರ ಜೀವನವನ್ನು ನೆನೆದರೆ ಆ ತಿಳಿವಳಿಕೆ ಎಷ್ಟು ತಪ್ಪೆಂಬುದು ತಾನಾಗಿ ಗೋಚರವಾಗುತ್ತದೆ. ಆದುದರಿಂದ ಅವರ ಚರಿತ್ರೆಯನ್ನೇ ಸಂಕ್ಷೇಪವಾಗಿ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಜನನ ಮತ್ತು ಬಾಲ್ಯ

ಉಡುಪಿಯ ಆಗ್ನೇಯಕ್ಕೆ ಕೆಲವು ಮೈಲುಗಳ ದೂರದಲ್ಲಿರುವ ಪಾಜಕವೆಂಬ ಕ್ಷೇತ್ರವೇ ಆಚಾರ್ಯರ ಜನ್ಮಸ್ಥಳ. ತಂದೆಯವರನ್ನು ಮಧ್ಯಗೇಹ ಭಟ್ಟರೆಂದು ಗ್ರಂಥಗಳು ಕರೆಯುತ್ತವೆ. ತುಳುವಿನ ನಡಿಲ್ಲಾಯ ಎಂಬ ಮನೆತನದ ಹೆಸರೇ ಸಂಸ್ಕೃತದಲ್ಲಿ ಹಾಗಾಯಿತು. ತಾಯಿ ವೇದವತಿ. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ ಈ ದಂಪತಿಗಳು ಉಡುಪಿಯ ಅನಂತೇಶ್ವರ ದೇವರನ್ನು ಹನ್ನೆರಡು ವರ್ಷ ಸೇವಿಸಿ ಈ ಮಗನನ್ನು ಪಡೆದರು. ಮಗುವಿಗೆ ವಾಸುದೇವನೆಂದು ನಾಮಕರಣವಾಯಿತು. ಹುಟ್ಟಿದ ವರ್ಷವು 1238 ಎಂಬುದು ಇಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ನರಹರಿತೀರ್ಥರ ಕಾಲದ 1281ರ ಶಿಲಾಶಾಸನವೊಂದು ಕಳಿಂಗ ಸೀಮೆಯ ಶ್ರೀಕೂರ್ಮದಲ್ಲಿರುವುದರಿಂದ ಆ ಅಭಿಪ್ರಾಯಕ್ಕೆ ಬಲ ಬಂದಿದೆ.

ಬಾಲ್ಯದ ವಿಷಯವಾಗಿ ಸುಮಧ್ವವಿಜಯವೆಂಬ ಕಾವ್ಯವು ಅನೇಕ ಕಥೆಗಳನ್ನು ಹೇಳುತ್ತದೆ. ಹದಿನಾರು ಸರ್ಗಗಳ ಈ ಕಾವ್ಯವನ್ನು ಬರೆದ ನಾರಾಯಣ ಪಂಡಿತಾಚಾರ್ಯರು, ನಮ್ಮ ಸೀಮೆಯವರೇ ಆದ ತ್ರಿವಿಕ್ರಮ ಪಂಡಿತಾಚಾರ್ಯರ ಮಕ್ಕಳು. ತಾಯಿ ಹೊರಗೆ ಹೋಗಿದ್ದಾಗ ಹಸಿದು ಅಳುತ್ತಿದ್ದ ಶಿಶುವಿಗೆ ಅಕ್ಕನು ಎತ್ತುಗಳಿಗೆಂದು ಬೇಯಿಸಿದ್ದ ಹುರುಳಿಯನ್ನು ತಿನ್ನಿಸಿದಳಂತೆ; ಮಗುವಿಗೆ ಏನೂ ಆಗಲಿಲ್ಲ. ಇನ್ನೊಮ್ಮೆ ಮನೆಯ ಎತ್ತಿನ ಬಾಲವನ್ನು ಹಿಡಿದು ದಿನವಿಡೀ ಕಾಡು ಸುತ್ತಿ ಸಂಜೆಗೆ ನಗುತ್ತ ಮನೆಗೆ ಬಂದನಂತೆ.

ಲೆಕ್ಕದ ಕಸುಬಿನವನಾದ ನನಗೆ ಇವುಗಳಲ್ಲಿ ಹೆಚ್ಚು ಪ್ರಿಯವಾದುದು ಸಾಲದ ಕಥೆ. ತಂದೆಯವರು ಒಬ್ಬನಿಂದ ಸಾಲ ತಂದಿದ್ದರು. ಸಾಲ ಕೊಟ್ಟವನು ಮನೆಯ ಬಾಗಿಲಲ್ಲಿ ಕುಳಿತು, ಹಣ ಸಲ್ಲುವ ತನಕ ಏಳೆನೆಂದು ಹಟ ಹಿಡಿದನು. ಬಾಲಕ ವಾಸುದೇವನು ಹುಣಸೆಯ ಬೀಜಗಳನ್ನು ಎಣಿಸಿ ಅವನ ಕೈಯಲ್ಲಿಟ್ಟನು. ಅವನು ಅವನ್ನೇ ಹಣವೆಂದು ಸ್ವೀಕರಿಸಿ ಹೊರಟುಹೋದನು. ಮುಂದೊಂದು ದಿನ ತಂದೆಯವರು ನಿಜವಾದ ಹಣವನ್ನು ಕೊಡಹೋದಾಗ, ತನಗೆ ಬರತಕ್ಕದ್ದು ಮಗನಿಂದಲೇ ಬಂದುಹೋಗಿದೆಯೆಂದು ಅವನು ಒಪ್ಪಲಿಲ್ಲ. ಭಕ್ತರು ಇದನ್ನು ಮಹಿಮೆಯೆಂದು ತಿಳಿಯುತ್ತಾರೆ. ನಾನು ಅದರೊಡನೆ ಇನ್ನೊಂದನ್ನೂ ಗಮನಿಸುತ್ತೇನೆ. ಮಗನು ಆಟದಲ್ಲಿ ಸಾಲ ತೀರಿಸಿದ್ದನೆಂದು ತಂದೆಯು ಸುಮ್ಮನಾಗಲಿಲ್ಲ. ಸಾಲವು ಸಾಲವೇ ಎಂದು ತಿಳಿದು ಹಣ ಹಿಡಿದು ಹೋದನು. ಇಂತಹ ಮನೆಯಲ್ಲಿ ಬೆಳೆದ ಮಗನು ಮುಂದೆ, ಈ ಲೋಕದ ವ್ಯವಹಾರವು ಸತ್ಯ, ಅದರ ಹೊಣೆಯೂ ಸತ್ಯ ಎಂದು ಸಾರಿದುದರಲ್ಲಿ ಆಶ್ಚರ್ಯವೇನಿದೆ?

ಹುಡುಗನು ಪ್ರಶ್ನೆಗಾರನಾಗಿದ್ದನು. ಪುರಾಣಪ್ರವಚನದಲ್ಲಿ ಅರ್ಥ ತಪ್ಪಿದರೆ ಸಭೆಯ ನಡುವೆ ಎದ್ದುನಿಂತು ಕೇಳುತ್ತಿದ್ದನು. ಹೇಳುವವರು ಸ್ವಂತ ತಂದೆಯವರೇ ಆಗಿದ್ದರೂ ಸಂಕೋಚಪಡುತ್ತಿರಲಿಲ್ಲ. ತಂದೆಯವರು ಒಮ್ಮೆ ಪ್ರವಚನದಲ್ಲಿ ಮರಗಳ ಹೆಸರುಗಳಿಗೆ ಅರ್ಥ ಹೇಳುತ್ತ, ಲಿಕುಚವೆಂಬ ಒಂದು ಮರದ ಹೆಸರನ್ನು ಮಾತ್ರ ಬಿಟ್ಟು ಮುಂದೆ ಹೋದರು. ಮಗನು ಬಿಡಲಿಲ್ಲ, ಅದೇಕೆ ಬಿಟ್ಟಿತೆಂದು ಕೇಳಿದನು. ಗುರುಕುಲದಲ್ಲಿ ಇತರರೊಡನೆ ಕೂಡಿ ಪಾಠ ಒಪ್ಪಿಸದೆ ಇದ್ದುದಕ್ಕೆ ಗುರುಗಳು ಗದರಿದಾಗ, ಇನ್ನೂ ಪಾಠವಾಗದ ಭಾಗವನ್ನೂ ಸೇರಿಸಿ ಒಪ್ಪಿಸಿಬಿಟ್ಟನು. ಗೊತ್ತಿಲ್ಲದ ಮಾತನ್ನು ಗೊತ್ತಿದ್ದಂತೆ ದಾಟಿ ಹೋಗದಿರುವುದೇ ತತ್ತ್ವವಿಚಾರದ ಮೊದಲ ಮೆಟ್ಟಲು. ಲಿಕುಚವನ್ನು ಬಿಡದ ಬಾಲಕನು ಆ ಮೆಟ್ಟಲನ್ನು ಆಗಲೇ ಏರಿದ್ದನು.

ಸಂನ್ಯಾಸ ಮತ್ತು ಅಧ್ಯಯನ

ಎಳೆಯ ವಯಸ್ಸಿನಲ್ಲಿಯೇ ವಾಸುದೇವನಿಗೆ ಸಂನ್ಯಾಸದ ಇಚ್ಛೆಯಾಯಿತು. ತಂದೆತಾಯಿಗಳ ಸಂಕಟವನ್ನು ಊಹಿಸಿಕೊಳ್ಳಬಹುದು. ಹನ್ನೆರಡು ವರ್ಷ ವ್ರತ ಹಿಡಿದು ಪಡೆದ ಒಬ್ಬನೇ ಮಗನು ಮನೆ ಬಿಟ್ಟು ಹೊರಟಿದ್ದಾನೆ. ತಂದೆಯು ಹಿಂಬಾಲಿಸಿ ಹೋಗಿ ಬೇಡಿಕೊಂಡನು, ಕಣ್ಣೀರಿಟ್ಟನು. ಮಗನು ತನ್ನ ನಿಶ್ಚಯವನ್ನು ಬಿಡಲಿಲ್ಲ. ಆದರೆ ತಂದೆಯ ದುಃಖವನ್ನು ಕೇವಲ ಮಾಯೆಯೆಂದು ತಳ್ಳಿಹಾಕಲೂ ಇಲ್ಲ. ತನಗೊಬ್ಬ ತಮ್ಮನು ಹುಟ್ಟುವ ತನಕ ಕಾಯುವುದಾಗಿ ಒಪ್ಪಿದನು. ಹಾಗೆಯೇ ತಮ್ಮನು ಹುಟ್ಟಿದ ಮೇಲೆಯೇ ಸಂನ್ಯಾಸ ಸ್ವೀಕಾರವಾಯಿತು. ಆ ತಮ್ಮನೂ ಕಾಲಾಂತರದಲ್ಲಿ ಅಣ್ಣನಿಂದಲೇ ಸಂನ್ಯಾಸ ಪಡೆದು ವಿಷ್ಣುತೀರ್ಥರೆಂದು ಪ್ರಸಿದ್ಧರಾದರು.

ಸಂನ್ಯಾಸ ಕೊಟ್ಟ ಗುರುಗಳು ಉಡುಪಿಯಲ್ಲಿದ್ದ ಅಚ್ಯುತಪ್ರೇಕ್ಷರು. ಶಿಷ್ಯನಿಗೆ ಪೂರ್ಣಪ್ರಜ್ಞರೆಂದು ಹೆಸರಾಯಿತು. ವೇದಾಂತಪೀಠದಲ್ಲಿ ಅಭಿಷೇಕವಾದ ಮೇಲೆ ಆನಂದತೀರ್ಥರೆಂದಾಯಿತು. ಮಧ್ವರೆಂಬುದು ಅವರು ತಮ್ಮ ಗ್ರಂಥಗಳಲ್ಲಿ ಹೇಳಿಕೊಂಡ ಹೆಸರು. ಅಚ್ಯುತಪ್ರೇಕ್ಷರು ಅದ್ವೈತ ಪರಂಪರೆಯವರು. ಪಾಠಕ್ಕೆ ಹಿಡಿದುದು ಇಷ್ಟಸಿದ್ಧಿ ಎಂಬ ಅದ್ವೈತ ಗ್ರಂಥ. ಮೊದಲನೆಯ ಶ್ಲೋಕದಲ್ಲಿಯೇ ಶಿಷ್ಯರು ಮೂವತ್ತೆರಡು ದೋಷಗಳನ್ನು ಎಣಿಸಿ ತೋರಿಸಿದರೆಂದು ಚರಿತ್ರೆ ಹೇಳುತ್ತದೆ.

ಇಲ್ಲಿ ವಾಚಕರು ಗುರುಗಳ ಸ್ಥಿತಿಯನ್ನು ಸ್ವಲ್ಪ ಆಲೋಚಿಸಬೇಕು. ಬಾಳಿನುದ್ದಕ್ಕೂ ನಂಬಿಕೊಂಡು ಬಂದ ಸಿದ್ಧಾಂತವನ್ನು ಬಾಲಕನಂತಿರುವ ಶಿಷ್ಯನು ಪ್ರಶ್ನಿಸುತ್ತಿದ್ದಾನೆ. ಹೊರಗೆ ಹಾಕಬಹುದಾಗಿತ್ತು. ಹಾಗೆ ಮಾಡದೆ ಅಚ್ಯುತಪ್ರೇಕ್ಷರು ಅವನನ್ನೇ ಪಾಠ ಹೇಳುವ ಸ್ಥಾನದಲ್ಲಿ ಕುಳ್ಳಿರಿಸಿದರು. ತಾವು ಒಪ್ಪಿದರೋ ಎಂದರೆ, ಸುಲಭವಾಗಿ ಒಪ್ಪಲಿಲ್ಲ. ವರ್ಷಗಟ್ಟಲೆ ಪ್ರತಿವಾದ ಮಾಡಿದರು. ಶಿಷ್ಯರು ಬದರಿಯಿಂದ ಹಿಂದಿರುಗಿ ಬ್ರಹ್ಮಸೂತ್ರಭಾಷ್ಯವನ್ನು ತೋರಿಸಿದ ಮೇಲೆಯೇ ಅವರ ಮನಸ್ಸು ಪೂರ್ತಿಯಾಗಿ ತಿರುಗಿತು. ಶಿಷ್ಯರೂ ಈ ನಡುವೆ ಗುರುಭಕ್ತಿಯನ್ನು ಬಿಟ್ಟವರಲ್ಲ. ಅಭಿಪ್ರಾಯದಲ್ಲಿ ಭೇದವಿದ್ದರೂ ಆದರಕ್ಕೆ ಲೋಪವಿಲ್ಲದೆ ಒಂದೇ ಮಠದಲ್ಲಿ ಇಬ್ಬರು ಬಾಳಿದರೆಂಬುದು ನಮ್ಮ ಕಾಲದ ಅಣ್ಣತಮ್ಮಂದಿರಿಗೂ ನೆರೆಹೊರೆಯವರಿಗೂ ಕಲಿಯತಕ್ಕ ಪಾಠವಾಗಿದೆ.

ದೇಶಸಂಚಾರ

ಆಚಾರ್ಯರು ಮೊದಲು ದಕ್ಷಿಣಕ್ಕೆ ಹೊರಟರು. ನಮ್ಮ ಸೀಮೆಯ ವಿಷ್ಣುಮಂಗಲವನ್ನು ಹಾದು ಅನಂತಶಯನ, ಕನ್ಯಾಕುಮಾರಿ, ರಾಮೇಶ್ವರ, ಶ್ರೀರಂಗಗಳನ್ನು ಕಂಡರು. ದಾರಿಯಲ್ಲಿ ಅನೇಕ ಪಂಡಿತರೊಡನೆ ವಾದಗಳಾದುವು. ಈ ಸಂಚಾರದಿಂದ ಹಿಂದಿರುಗಿದ ಮೇಲೆ ಗೀತಾಭಾಷ್ಯವನ್ನು ರಚಿಸಿ, ಬಳಿಕ ಉತ್ತರಕ್ಕೆ ಹೊರಟು ಬದರಿಕಾಶ್ರಮವನ್ನು ಸೇರಿದರು. ಅಲ್ಲಿ ನಾಲ್ವತ್ತೆಂಟು ದಿನ ಮೌನವನ್ನೂ ಉಪವಾಸವನ್ನೂ ಆಚರಿಸಿ, ವೇದವ್ಯಾಸರ ಸನ್ನಿಧಿಗೆ ಹೋಗಿ ಬಂದರೆಂಬುದು ಭಕ್ತರ ಶ್ರದ್ಧೆ. ಹಿಂದಿರುಗುವಾಗ ಗೋದಾವರೀ ತೀರದಲ್ಲಿ ಶೋಭನಭಟ್ಟರೆಂಬ ಘನ ಪಂಡಿತರು ಶಿಷ್ಯರಾಗಿ ಪದ್ಮನಾಭತೀರ್ಥರೆನಿಸಿದರು.

ಎರಡನೆಯ ಬದರೀಯಾತ್ರೆಯ ಎರಡು ಪ್ರಸಂಗಗಳನ್ನು ಹೇಳದೆ ಇರಲಾರೆನು. ಮಹಾರಾಷ್ಟ್ರದಲ್ಲಿ ಈಶ್ವರದೇವನೆಂಬ ಅರಸನು ಕೆರೆಯೊಂದನ್ನು ತೋಡಿಸುತ್ತಿದ್ದನು. ದಾರಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಗುದ್ದಲಿ ಕೊಟ್ಟು ಅಗೆಸುತ್ತಿದ್ದನು. ಆಚಾರ್ಯರಿಗೂ ಅದೇ ಆಜ್ಞೆಯಾಯಿತು. ಅವರು ಸಿಟ್ಟಾಗಲಿಲ್ಲ, ಹೇಗೆ ಅಗೆಯಬೇಕೆಂಬುದನ್ನು ಮೊದಲು ಅರಸನೇ ತೋರಿಸಿಕೊಡಬೇಕೆಂದು ಕೇಳಿದರು. ತೋರಿಸಲು ಗುದ್ದಲಿ ಹಿಡಿದ ಅರಸನು ನಿಲ್ಲಿಸಲಾರದೆ ಅಗೆಯುತ್ತಲೇ ಇದ್ದನು. ಆಚಾರ್ಯರು ಶಿಷ್ಯರೊಡನೆ ಮುಂದೆ ನಡೆದರು. ಆಳಿನ ಬೆವರು ಏನೆಂಬುದನ್ನು ಆಳಿಸುವವನು ತನ್ನ ಮೈಯಲ್ಲಿಯೇ ತಿಳಿಯಬೇಕೆಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಯಾರು ಬೋಧಿಸಿಯಾರು?

ಇನ್ನೊಂದು ಗಂಗಾತೀರದಲ್ಲಿ ನಡೆದುದು. ಆಚೆಯ ದಡವು ತುರುಷ್ಕ ಅರಸನ ವಶದಲ್ಲಿತ್ತು. ನದಿ ದಾಟುವವರನ್ನು ಕೊಲ್ಲಬೇಕೆಂದು ಕಾವಲಿತ್ತು. ದೋಣಿಗಳಿರಲಿಲ್ಲ. ಆಚಾರ್ಯರು ಶಿಷ್ಯರೊಡನೆ ನೀರಿಗಿಳಿದು ದಾಟಿದರು. ಭಟರ ನಡುವೆ ನಿರ್ಭಯರಾಗಿ ನಡೆದು ಅರಸನನ್ನು ಕಂಡು ಅವನ ಭಾಷೆಯಲ್ಲಿಯೇ ಮಾತನಾಡಿದರು. ಅರಸನು ಆಶ್ಚರ್ಯಪಟ್ಟು ಗೌರವಿಸಿದನು. ಎರಡು ಮೂರು ಭಾಷೆಗಳ ನಡುವೆ ಬಾಳುವ ನಮಗೆ ಈ ಕಥೆಯ ಅರ್ಥ ಬೇಗನೆ ಹೊಳೆಯುತ್ತದೆ. ಎದುರಿಗಿರುವವನ ಮಾತಿನಲ್ಲಿ ಮಾತನಾಡಿದರೆ ಅರ್ಧ ಭಯವೂ ಅರ್ಧ ಹಗೆಯೂ ಅಲ್ಲಿಯೇ ಕರಗುವುದು.

ಉಡುಪಿಯಲ್ಲಿ ಆಚಾರ್ಯರು ಶ್ರೀಕೃಷ್ಣನನ್ನು ಪ್ರತಿಷ್ಠಿಸಿದರು. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಲ್ಪೆಯ ಕಡಲಕರೆಯಲ್ಲಿ ಅವರು ಕಾಪಾಡಿದರೆಂದೂ, ಕೃತಜ್ಞನಾದ ನಾವಿಕನು ಕೊಟ್ಟ ಗೋಪೀಚಂದನದ ಗಟ್ಟಿಯಲ್ಲಿ ಆ ವಿಗ್ರಹವು ದೊರೆಯಿತೆಂದೂ ಪ್ರತೀತಿ. ಯಜ್ಞದಲ್ಲಿ ಜೀವವಿರುವ ಪಶುವಿನ ಬದಲು ಹಿಟ್ಟಿನಿಂದ ಮಾಡಿದ ಪಶುವನ್ನು ಅರ್ಪಿಸುವ ಕ್ರಮವನ್ನು ಅವರು ಆಚರಣೆಗೆ ತಂದರು. ಇದಕ್ಕೆ ವಿರೋಧವೂ ಬಂದಿತು. ಜೀವಿಗಳ ನೋವು ನಿಜವೆಂದು ನಂಬಿದವರಿಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಸೀಮೆಯಲ್ಲಿ ನಡೆದ ಮಹಾವಾದ

1956ರಲ್ಲಿ ರಾಜ್ಯಗಳ ಎಲ್ಲೆಗಳು ಹೊಸದಾಗಿ ನಿಶ್ಚಯವಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಆಚಾರ್ಯರ ಕಾಲದಲ್ಲಿ ಪಾಜಕದಿಂದ ಕುಂಬಳೆಗೆ ನಡೆಯುವವನಿಗೆ ದಾಟಬೇಕಾದುದು ಹೊಳೆಗಳು ಮಾತ್ರ. ಕುಂಬಳೆಯಲ್ಲಿ ಆಗ ಜಯಸಿಂಹನೆಂಬ ಅರಸನಿದ್ದನು. ಆಚಾರ್ಯರಿಗೆ ಇವನ ಸಂಬಂಧ ಬಂದುದು ಒಂದು ಕಳವಿನಿಂದ.

ಆಚಾರ್ಯರ ಕೀರ್ತಿಯನ್ನು ಸಹಿಸದ ಕೆಲವರು, ವಾದದಲ್ಲಿ ಗೆಲ್ಲಲಾರದೆ, ಅವರ ಗ್ರಂಥಭಂಡಾರವನ್ನೇ ಅಪಹರಿಸಿದರು. ತಾಳೆಯೋಲೆಯ ಕಾಲದಲ್ಲಿ ಗ್ರಂಥಭಂಡಾರ ಹೋಯಿತೆಂದರೆ ಏನೆಂಬುದನ್ನು ಅಚ್ಚಿನ ಪುಸ್ತಕದ ಕಾಲದ ನಾವು ಊಹಿಸುವುದು ಕಷ್ಟ. ಒಂದು ಓಲೆ ಸುಟ್ಟರೆ ಒಂದು ಗ್ರಂಥವೇ ಲೋಕದಿಂದ ಅಳಿದುಹೋಗಬಹುದಾಗಿತ್ತು. ಆಚಾರ್ಯರು ಪ್ರತೀಕಾರಕ್ಕೆ ತೊಡಗಲಿಲ್ಲ. ನ್ಯಾಯವು ಅರಸನ ಮೂಲಕ ನಡೆಯಿತು. ಜಯಸಿಂಹನು ಮಧ್ಯಸ್ಥನಾಗಿ ಗ್ರಂಥಗಳನ್ನು ಹಿಂದಕ್ಕೆ ಕೊಡಿಸಿದನು. ಆಚಾರ್ಯರನ್ನು ಕಾಣಬಂದಾಗ ಪರಿವಾರವನ್ನು ದೂರದಲ್ಲಿಯೇ ನಿಲ್ಲಿಸಿ, ಕಾಲ್ನಡಿಗೆಯಿಂದ ಬಂದು ನಮಸ್ಕರಿಸಿದನೆಂದು ಕಾವ್ಯದಲ್ಲಿದೆ.

ಈ ಸಂದರ್ಭದಲ್ಲಿಯೇ ತ್ರಿವಿಕ್ರಮ ಪಂಡಿತರ ಭೇಟಿಯಾಯಿತು. ಲಿಕುಚ ವಂಶದ ಇವರು ಅದ್ವೈತದಲ್ಲಿ ಪಾರಂಗತರು, ಕವಿಗಳು, ಈ ಸೀಮೆಯ ಪಂಡಿತರಿಗೆಲ್ಲ ಕಣ್ಣಿನಂತಿದ್ದವರು. ಬಾಲ್ಯದಲ್ಲಿ ಲಿಕುಚವೆಂಬ ಮಾತಿನ ಅರ್ಥಕ್ಕಾಗಿ ಹಟ ಹಿಡಿದವರ ಎದುರಿಗೆ ಆ ವಂಶದ ಪಂಡಿತರೇ ಬಂದು ನಿಂತರು. ತ್ರಿವಿಕ್ರಮರು ಆಚಾರ್ಯರ ಗ್ರಂಥಗಳನ್ನು ಮೊದಲೇ ಪರಿಶೀಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಮನಸ್ಸಿನಲ್ಲಿ ಸಂದೇಹವಿತ್ತು, ಆದರೆ ಸಂದೇಹ ಹುಟ್ಟಿತೆಂದು ಒಡನೆಯೇ ಪಕ್ಷ ಬದಲಿಸುವವರಲ್ಲ. ತಮ್ಮ ಬಲವನ್ನೆಲ್ಲ ಹಾಕಿ ವಾದಿಸಿದರು. ಆಕ್ಷೇಪ, ಸಮಾಧಾನ, ಮತ್ತೆ ಆಕ್ಷೇಪ, ಹೀಗೆ ದಿನದ ಮೇಲೆ ದಿನ ವಾದವು ಬೆಳೆಯಿತು. ಕೊನೆಗೆ ಒಂದು ದಿನ ತ್ರಿವಿಕ್ರಮರು ಹೇಳಲು ಉಳಿದುದಿಲ್ಲವೆಂಬುದನ್ನು ಕಂಡುಕೊಂಡು, ಸಭೆಯಲ್ಲಿಯೇ ನಮಸ್ಕರಿಸಿ ಶಿಷ್ಯತ್ವವನ್ನು ಬೇಡಿದರು.

ಆಚಾರ್ಯರ ಗೆಲವು ದೊಡ್ಡದೆಂದು ಎಲ್ಲರೂ ಹೇಳುತ್ತಾರೆ. ತ್ರಿವಿಕ್ರಮರ ಸೋಲು ಅದಕ್ಕಿಂತ ಸಣ್ಣದೆಂದು ನನಗೆ ತೋರುವುದಿಲ್ಲ. ತಮ್ಮ ಊರಿನಲ್ಲಿ, ತಮ್ಮನ್ನು ನಂಬಿದ ಜನರ ಎದುರಿನಲ್ಲಿ, ಇಷ್ಟು ದಿನ ಪಾಠ ಹೇಳಿದ ಮತವನ್ನು ಬಿಟ್ಟು ತಲೆ ಬಾಗುವುದಕ್ಕೆ ಎಂತಹ ಧೈರ್ಯ ಬೇಕು! ನಾಲ್ಕು ಜನರ ಮುಂದೆ ಆಡಿದ ಒಂದು ಮಾತನ್ನು ಹಿಂದೆಗೆದುಕೊಳ್ಳಲಾರದೆ, ತಲೆಮಾರುಗಳವರೆಗೆ ಕೋರ್ಟು ಕಚೇರಿ ಅಲೆಯುವ ಮನೆತನಗಳು ಎಲ್ಲ ಊರಿನಲ್ಲಿಯೂ ಇವೆ. ಪ್ರಮಾಣಕ್ಕೆ ತಲೆಬಾಗುವುದು ಮನುಷ್ಯನಿಗೆ ತಲೆಬಾಗಿದಂತೆ ಅಲ್ಲವೆಂಬುದನ್ನು ತಿಳಿದವರು ತ್ರಿವಿಕ್ರಮರು.

ಶಿಷ್ಯರಾದ ಮೇಲೆಯೂ ಅವರು ಸುಮ್ಮನಿರಲಿಲ್ಲ. ಬ್ರಹ್ಮಸೂತ್ರಭಾಷ್ಯಕ್ಕೆ ಟೀಕೆ ಬರೆಯಬೇಕೆಂದು ಆಚಾರ್ಯರು ಆಜ್ಞಾಪಿಸಿದಾಗ, ಯುಕ್ತಿಗಳನ್ನೆಲ್ಲ ವಿಸ್ತಾರವಾಗಿ ತಿಳಿಸುವ ಬೇರೊಂದು ಗ್ರಂಥವನ್ನು ಆಚಾರ್ಯರೇ ರಚಿಸಿಕೊಡಬೇಕೆಂದು ಪ್ರಾರ್ಥಿಸಿದರು. ಅದರಿಂದ ಹುಟ್ಟಿದುದೇ ಅನುವ್ಯಾಖ್ಯಾನ. ನಾಲ್ವರು ಶಿಷ್ಯರನ್ನು ಕುಳ್ಳಿರಿಸಿಕೊಂಡು ನಾಲ್ಕು ಅಧ್ಯಾಯಗಳನ್ನು ಒಟ್ಟಿಗೆ ಹೇಳಿ ಬರೆಯಿಸಿದರೆಂದು ಪ್ರಸಿದ್ಧಿ. ತ್ರಿವಿಕ್ರಮರು ಬರೆದ ಟೀಕೆ ತತ್ತ್ವಪ್ರದೀಪ. ಹೀಗೆ ದ್ವೈತ ವೇದಾಂತದ ಬಹು ಮುಖ್ಯವಾದ ಗ್ರಂಥವೊಂದಕ್ಕೆ ಪ್ರೇರಣೆಯು ಈ ಸೀಮೆಯ ಒಬ್ಬ ಪಂಡಿತರ ಪ್ರಶ್ನೆಯಿಂದ ಬಂದಿತು ಎಂಬುದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ.

ಸಾಕ್ಷಿಯೆಂಬ ತತ್ತ್ವ

ಆಚಾರ್ಯರ ಗ್ರಂಥಗಳು ಒಟ್ಟು ಮೂವತ್ತೇಳು. ಅವುಗಳನ್ನು ಸರ್ವಮೂಲವೆಂದು ಕರೆಯುವುದು ವಾಡಿಕೆ. ಭಾಷ್ಯಗಳಂತಹ ದೊಡ್ಡ ಗ್ರಂಥಗಳೊಡನೆ ಕೆಲವೇ ಪುಟಗಳ ಚಿಕ್ಕ ಪ್ರಕರಣಗಳೂ ಇವೆ. ಅವುಗಳಲ್ಲಿ ಪ್ರಮಾಣಲಕ್ಷಣವು ತಿಳಿವಿನ ಸಾಧನಗಳನ್ನು ಕುರಿತದ್ದು. ವಸ್ತುವು ಹೇಗಿದೆಯೋ ಹಾಗೆಯೇ ತಿಳಿಸುವುದು ಪ್ರಮಾಣ. ಅದು ಮೂರು ವಿಧ: ಕಣ್ಣು ಕಿವಿ ಮೊದಲಾದವುಗಳಿಂದ ನೇರವಾಗಿ ತಿಳಿಯುವ ಪ್ರತ್ಯಕ್ಷ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತಹ ಅನುಮಾನ, ನಂಬತಕ್ಕ ಮಾತಾದ ಆಗಮ. ಯೋಚಿಸಿದರೆ, ಮಳೆ ಬರುವುದೇ ಇಲ್ಲವೇ ಎಂದು ಲೆಕ್ಕ ಹಾಕುವ ರೈತನೂ, ನಾಡಿ ನೋಡುವ ವೈದ್ಯನೂ, ಹಳೆಯ ಪಟ್ಟೆಯನ್ನು ಓದಿ ಗಡಿ ಗುರುತಿಸುವ ಲೆಕ್ಕಿಗನೂ ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ಬಳಸುವುದಿಲ್ಲ. ತಿಳಿಯದೆ ಬಳಸುವುದನ್ನು ತಿಳಿದು ಬಳಸುವಂತೆ ಮಾಡುವುದೇ ಶಾಸ್ತ್ರದ ಉಪಕಾರ.

ಹಾಗಾದರೆ ಒಂದು ತಿಳಿವು ಸರಿಯೆಂದು ತೀರ್ಮಾನಿಸುವವರು ಯಾರು? ಇದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಊರಿನ ಲೆಕ್ಕವನ್ನು ಒಬ್ಬರು ಬರೆಯುತ್ತಾರೆ, ಮೇಲಿನವರು ತಪಾಸಣೆ ಮಾಡುತ್ತಾರೆ. ಆ ತಪಾಸಣೆಯನ್ನು ತಪಾಸಣೆ ಮಾಡಲು ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು ಎಂದು ಹೋಗುತ್ತಲೇ ಇದ್ದರೆ ಯಾವ ಲೆಕ್ಕವೂ ಎಂದಿಗೂ ಮುಗಿಯದು. ಎಲ್ಲಿಯೋ ಒಂದು ಕಡೆ ಕೊನೆಯ ರುಜು ಬೀಳಬೇಕು. ಆ ಕೊನೆಯ ರುಜುವನ್ನು ಹಾಕುವುದು ಪ್ರತಿಯೊಬ್ಬ ಜೀವನ ಒಳಗೇ ಇರುವ ಸಾಕ್ಷಿ ಎಂದು ಆಚಾರ್ಯರು ನಿರ್ಣಯಿಸಿದರು. ಮನಸ್ಸು ತಪ್ಪಬಹುದು, ಕಣ್ಣು ಮೋಸಹೋಗಬಹುದು. ತನಗೆ ಸುಖವಾಯಿತು, ನೋವಾಯಿತು ಎಂದು ನೇರವಾಗಿ ತಿಳಿಯುವ ಸಾಕ್ಷಿಯು ತಪ್ಪದು. ಈ ಸಾಕ್ಷಿಯು ಪಂಡಿತನಲ್ಲಿರುವಂತೆಯೇ ಪಾಮರನಲ್ಲಿಯೂ ಇದೆ. ಹಸಿದವನ ಹಸಿವನ್ನು ಯಾವ ಗ್ರಂಥದ ಮಾತಿನಿಂದಲೂ ಇಲ್ಲವೆನ್ನಿಸಲಾಗದು. ಸಾಮಾನ್ಯ ಮನುಷ್ಯನ ಅನುಭವಕ್ಕೆ ಇಷ್ಟು ದೊಡ್ಡ ಮರ್ಯಾದೆಯನ್ನು ಕೊಟ್ಟ ಶಾಸ್ತ್ರವನ್ನು ಸಾಮಾನ್ಯ ಮನುಷ್ಯನಿಗೆ ಬೇಡವೆನ್ನುವುದು ಎಂತಹ ಅನ್ಯಾಯ!

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವು ವೇದಾಂತದಲ್ಲಿ ಪ್ರಸಿದ್ಧವಾದುದು. ಆಚಾರ್ಯರು ಅದನ್ನು ತಮ್ಮ ರೀತಿಯಿಂದ ವಿವೇಚಿಸಿದರು. ಆ ಭ್ರಮೆ ಹುಟ್ಟಬೇಕಾದರೆ ಎದುರಿಗೆ ನಿಜವಾದ ಹಗ್ಗವಿರಬೇಕು, ಬೇರೆಲ್ಲಿಯೋ ನಿಜವಾದ ಹಾವನ್ನು ಕಂಡಿರಬೇಕು, ಎರಡಕ್ಕೂ ಹೋಲಿಕೆ ಇರಬೇಕು. ಸತ್ಯವಾದ ನಾಣ್ಯವೇ ಇಲ್ಲದ ರಾಜ್ಯದಲ್ಲಿ ಖೋಟಾ ನಾಣ್ಯವೂ ಇರಲಾರದಲ್ಲವೆ? ಹೀಗೆ, ತಪ್ಪುಗಳಾಗುತ್ತವೆ ಎಂಬ ಕಾರಣದಿಂದ ಲೋಕವೇ ಸುಳ್ಳೆಂದು ತೀರ್ಮಾನಿಸಲಾಗದು ಎಂಬುದು ಅವರ ಪಕ್ಷ. ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವರೂ ಜಡವೂ ಸತ್ಯವಾದರೂ ಅವನ ಅಧೀನ. ಈಶ್ವರ, ಜೀವ, ಜಡಗಳ ನಡುವಣ ಐದು ಬಗೆಯ ಭೇದಗಳೂ ಸತ್ಯ. ಇದೇ ಅವರ ಸಿದ್ಧಾಂತದ ಸಾರ.

ನಮ್ಮ ದೇವಾಲಯಕ್ಕೆ ಬರುವವರಲ್ಲಿ ಶಂಕರ ಭಗವತ್ಪಾದರ ಅನುಯಾಯಿಗಳಿದ್ದಾರೆ, ಇತರ ಸಂಪ್ರದಾಯದವರಿದ್ದಾರೆ, ಸಂಪ್ರದಾಯದ ಹೆಸರನ್ನೇ ಕೇಳದೆ ದೀಪಕ್ಕೆ ಎಣ್ಣೆ ತರುವವರಿದ್ದಾರೆ. ಅವರೆಲ್ಲರೂ ಈ ಸಿದ್ಧಾಂತವನ್ನು ಒಪ್ಪಲೇಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಪ್ಪುವ ಮೊದಲೂ ಬಿಡುವ ಮೊದಲೂ ಪರೀಕ್ಷಿಸಬೇಕೆಂಬುದೇ ಆಚಾರ್ಯರ ಜೀವನದಿಂದ ಎಲ್ಲರಿಗೂ ಸಮಾನವಾಗಿ ದೊರೆಯುವ ಪ್ರಸಾದ.

ನಿತ್ಯಜೀವನದಲ್ಲಿ ಉಪಯೋಗ

ಆಚಾರ್ಯರ ಕಥಾಲಕ್ಷಣವೆಂಬ ಪುಟ್ಟ ಗ್ರಂಥವನ್ನು ಪ್ರತಿಯೊಂದು ಊರಿನ ಪಂಚಾಯತಿಯವರೂ ತಿಳಿದಿರಬೇಕು. ಮಾತುಕತೆಯು ಮೂರು ಬಗೆಯೆಂದು ಅದರಲ್ಲಿ ವಿಂಗಡಿಸಿದ್ದಾರೆ. ಸತ್ಯವನ್ನು ನಿರ್ಣಯಿಸುವುದಕ್ಕಾಗಿಯೇ ಗುರುಶಿಷ್ಯರೂ ಸಜ್ಜನರೂ ನಡೆಸುವುದು ವಾದ. ಕೀರ್ತಿಗಾಗಿ, ಸ್ಪರ್ಧೆಯಿಂದ ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಮುಂದಿಡದೆ ಎದುರಾಳಿಯ ಮಾತನ್ನು ಖಂಡಿಸುವುದು ವಿತಂಡ. ಸತ್ಯದಲ್ಲಿ ಆಸಕ್ತಿಯಿಲ್ಲದವರು ಎದುರಾದಾಗ ಮಾತ್ರ ಅದು ಯುಕ್ತ. ತೀರ್ಪು ಹೇಳಲು ಕುಳಿತವರು ರಾಗದ್ವೇಷವಿಲ್ಲದವರೂ ವಿದ್ಯಾವಂತರೂ ಆಗಿರಬೇಕು. ಅವರು ಒಬ್ಬರಿರಬೇಕು, ಇಲ್ಲವೆ ಬೆಸ ಸಂಖ್ಯೆಯಲ್ಲಿರಬೇಕು. ಎರಡು ಕಡೆಗೂ ಸಮನಾಗಿ ಮತ ಬಿದ್ದು ನಿರ್ಣಯವೇ ನಿಂತುಹೋಗಬಾರದೆಂಬುದನ್ನೂ ಅವರು ಮರೆತಿರಲಿಲ್ಲ. ಹದಿಮೂರನೆಯ ಶತಮಾನದ ಸಂನ್ಯಾಸಿಯೊಬ್ಬರು ಇಷ್ಟು ಲೌಕಿಕವಾದ ಸೂಕ್ಷ್ಮವನ್ನು ಕಂಡಿದ್ದರೆಂಬುದು ಗಮನಾರ್ಹ.

ಮನೆಯಲ್ಲಿ ಪಾಲುಪಟ್ಟಿಯ ಮಾತು ಬಂದಾಗ, ದೇವಾಲಯದ ಸಭೆಯಲ್ಲಿ ಖರ್ಚಿನ ಚರ್ಚೆ ಎದ್ದಾಗ, ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗ ನಡೆಯುತ್ತಿರುವುದು ವಾದವೋ, ಜಲ್ಪವೋ? ನಾನು ನಿಜವನ್ನು ತಿಳಿಯಲು ಮಾತನಾಡುತ್ತಿದ್ದೇನೆಯೋ, ಗೆಲ್ಲಲೆಂದು ಮಾತನಾಡುತ್ತಿದ್ದೇನೆಯೋ? ಊರಿನಲ್ಲಿ ಒಬ್ಬರ ಮೇಲೆ ಅಪವಾದ ಹಬ್ಬಿದರೆ, ಅದಕ್ಕೆ ಆಧಾರ ಮೂರು ಪ್ರಮಾಣಗಳಲ್ಲಿ ಯಾವುದು ಎಂದು ಕೇಳಬೇಕು. ಕಂಡವರಿದ್ದಾರೆಯೆ? ಕಂಡುದರಿಂದ ಊಹಿಸಿದುದೆ? ನಂಬತಕ್ಕವರು ಹೇಳಿದುದೆ? ಮೂರೂ ಅಲ್ಲವಾದರೆ ಆ ಮಾತನ್ನು ಮುಂದಿನ ಮನೆಗೆ ಹೊತ್ತುಕೊಂಡು ಹೋಗಬಾರದು. ಇಷ್ಟನ್ನು ಪಾಲಿಸಿದರೆ ಎಷ್ಟೋ ಸಂಸಾರಗಳ ಮಾನ ಉಳಿಯುವುದು. ತತ್ತ್ವಶಾಸ್ತ್ರದ ಪ್ರಯೋಜನವನ್ನು ಮೋಕ್ಷದಲ್ಲಿ ಮಾತ್ರ ಹುಡುಕುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯ ದಿನಗಳು

ಉಡುಪಿಯ ಕೃಷ್ಣಪೂಜೆಗಾಗಿ ಆಚಾರ್ಯರು ಎಂಟು ಮಂದಿ ಯತಿಗಳನ್ನು ನೇಮಿಸಿದರು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಅಷ್ಟಮಠಗಳು ಅವರ ಪರಂಪರೆಯಿಂದ ಬಂದುವು. ಅವರನ್ನು ಇಬ್ಬಿಬ್ಬರಾಗಿ ಜೋಡಿಸಿದುದು ಮಂಜೇಶ್ವರದ ಬಳಿಯ ಕಣ್ವತೀರ್ಥದಲ್ಲಿ ಎಂದು ಸಂಪ್ರದಾಯ. ಕಡಲ ಮೊರೆತ ಕೇಳುವ ಆ ಸ್ಥಳಕ್ಕೆ ನಮ್ಮಲ್ಲಿ ಅನೇಕರು ಹೋಗಿ ಬಂದಿದ್ದೇವೆ. ಎಂಟು ಮಂದಿಗೂ ಸರದಿಯಿಂದ ಪೂಜೆ, ಯಾರಿಗೂ ಶಾಶ್ವತವಾದ ಒಡೆತನವಿಲ್ಲ. ಆಗ ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಶ್ರೀ ವಾದಿರಾಜರು ಎರಡೆರಡು ವರ್ಷಗಳಿಗೆ ಮಾಡಿದರು. ಅಂದಿನಿಂದ ಅದು ಹಾಗೆಯೇ ನಡೆದು ಬಂದಿದೆ. ಸೇವೆಗೆ ಬಂದವರು ಕಾಲ ತೀರಿದೊಡನೆ ಬೀಗದ ಕೈಯನ್ನು ಮುಂದಿನವರಿಗೆ ಒಪ್ಪಿಸಬೇಕೆಂಬುದು ಎಲ್ಲ ದೇವಾಲಯಗಳಿಗೂ ಒಪ್ಪುವ ನೀತಿ.

ಆಚಾರ್ಯರ ತಂತ್ರಸಾರಸಂಗ್ರಹವು ಬಿಂಬದ ಲಕ್ಷಣ, ದೇವಾಲಯದ ನಿರ್ಮಾಣ, ಪ್ರತಿಷ್ಠೆಗಳ ಕ್ರಮವನ್ನು ತಿಳಿಸುತ್ತದೆ. ಲೋಕವು ಸತ್ಯವೆಂದು ನಂಬಿದವರು ಅಳತೆಕೋಲನ್ನೂ ಅಲಕ್ಷ್ಯ ಮಾಡಲಿಲ್ಲ. ಅವರ ಗ್ರಂಥಗಳನ್ನು ಸಾಕ್ಷಾತ್ ಶಿಷ್ಯರಾದ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಓಲೆಗಳ ಮೇಲೆ ಬರೆದಿಟ್ಟ ಪ್ರತಿಯು ಪಲಿಮಾರು ಮಠದ ಸಂಪತ್ತಾಗ��� ಉಳಿದು ಬಂದಿದೆ.

1317ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾಘ ಶುದ್ಧ ನವಮಿಯ ದಿನ, ಉಡುಪಿಯ ಅನಂತೇಶ್ವರ ದೇವಾಲಯದಲ್ಲಿ ಐತರೇಯ ಉಪನಿಷತ್ತಿನ ಭಾಷ್ಯವನ್ನು ಪಾಠ ಹೇಳುತ್ತಿದ್ದಾಗ ಆಕಾಶದಿಂದ ಹೂಮಳೆ ಸುರಿಯಿತೆಂದೂ, ಆ ಹೂವಿನ ರಾಶಿಯಲ್ಲಿ ಆಚಾರ್ಯರು ಅದೃಶ್ಯರಾದರೆಂದೂ ಭಕ್ತರು ನಂಬುತ್ತಾರೆ. ತಂದೆತಾಯಿಗಳು ಯಾವ ದೇವರಲ್ಲಿ ಮಗನನ್ನು ಬೇಡಿದರೋ ಅದೇ ಸನ್ನಿಧಿಯಲ್ಲಿ ಅವರ ಪಾಠ ಮುಗಿಯಿತು. ಆ ತಿಥಿಯನ್ನು ಮಧ್ವನವಮಿಯೆಂದು ಇಂದಿಗೂ ಆಚರಿಸುತ್ತಾರೆ. ಕೊನೆಯ ಗಳಿಗೆಯವರೆಗೂ ಪಾಠ ಹೇಳುತ್ತಲೇ ಇದ್ದರೆಂಬುದರಲ್ಲಿ ಅವರ ಇಡೀ ಜೀವನವು ಅಡಕವಾಗಿದೆ.

ಅವರ ತರುವಾಯ ಜಯತೀರ್ಥರು ಅನುವ್ಯಾಖ್ಯಾನಕ್ಕೆ ನ್ಯಾಯಸುಧೆಯೆಂಬ ಟೀಕೆಯನ್ನು ರಚಿಸಿ ವಿದ್ವಾಂಸರಿಗೆ ಉಪಕರಿಸಿದರು. ಪುರಂದರದಾಸರು, ಕನಕದಾಸರು ಮೊದಲಾದ ಹರಿದಾಸರು ಅದೇ ತತ್ತ್ವವನ್ನು ಕನ್ನಡದ ಹಾಡುಗಳಲ್ಲಿ ಮನೆಮನೆಯ ಬಾಗಿಲಿಗೆ ಮುಟ್ಟಿಸಿದರು. ಓಲೆಯ ಗ್ರಂಥವನ್ನು ಓದಲಾರದ ನಮ್ಮ ಅಜ್ಜಿಯಂದಿರು ಬೆಳಗಿನ ಜಾವ ಗುನುಗುತ್ತಿದ್ದುದು ತತ್ತ್ವಶಾಸ್ತ್ರವೇ ಆಗಿತ್ತು. ಅದರ ಅರ್ಥವನ್ನು ಕೇಳುವ ಕೆಲಸವನ್ನು ಮಾತ್ರ ನಾವು ಬಿಟ್ಟೆವು.

ಈ ಜೀರ್ಣೋದ್ಧಾರದ ಸಂದರ್ಭದಲ್ಲಿ ಮರ, ಕಲ್ಲು, ತಾಮ್ರದ ಹೊದಿಕೆಗಳಿಗೆ ಭಕ್ತರು ಉದಾರವಾಗಿ ದಾನ ಮಾಡಿದ್ದಾರೆ. ಅದರೊಡನೆ ಪ್ರತಿಯೊಂದು ಮನೆಯಲ್ಲಿಯೂ ವಾರಕ್ಕೆ ಒಂದು ಗಂಟೆಯನ್ನಾದರೂ ತತ್ತ್ವವಿಚಾರಕ್ಕೆಂದು ಮೀಸಲಿಡುವ ಸಂಕಲ್ಪ ಮಾಡಿದರೆ, ಅದೂ ಈ ದೇವಾಲಯಕ್ಕೆ ಸಲ್ಲುವ ಕಾಣಿಕೆಯಾದೀತು. ಮನೆಯ ಮಕ್ಕಳು ಮಾತಿನ ಅರ್ಥ ಕೇಳಿದಾಗ ಹಿರಿಯರು ಗದರದೆ ಉತ್ತರ ಹೇಳಲಿ. ಗೊತ್ತಿಲ್ಲದಿದ್ದರೆ ಜೊತೆಯಲ್ಲಿ ಹುಡುಕಲಿ. ಇರುವುದನ್ನು ಇರುವಂತೆ ಕಾಣುವ ಕಣ್ಣನ್ನು ಭಗವಂತನು ನಮ್ಮೆಲ್ಲರಿಗೂ ಅನುಗ್ರಹಿಸಲಿ ಎಂದು ಪ್ರಾರ್ಥಿಸಿ ಈ ಅಲ್ಪ ಬರಹವನ್ನು ಶ್ರೀ ದೇವರ ಪಾದಗಳಿಗೆ ಅರ್ಪಿಸುತ್ತೇನೆ.